ಬೆಂಕಿ ತರಬಾರದ ಭಟ್ಟಿಮನೆ

ಕುಂದಾಪುರದ ಹೊಳೆಬದಿಯಲ್ಲಿದ್ದ ಆ ಕೆಂಪುಕಲ್ಲಿನ ಕಟ್ಟಡಕ್ಕೆ ಎಲ್ಲರೂ ಭಟ್ಟಿಮನೆ ಅಂತಲೇ ಹೇಳುತ್ತಿದ್ದರು. ಅಜ್ಜಂದಿರ ಕಾಲದಲ್ಲಿ ಅಲ್ಲಿ ಬೆಲ್ಲ ಕೊಳೆಹಾಕಿ ಸಾರಾಯಿ ಇಳಿಸುತ್ತಿದ್ದರಂತೆ. ಅದಕ್ಕೆಂದು ನೆಲದೊಳಗೆ ಎರಡಾಳು ಆಳದ ತೊಟ್ಟಿ ಕಟ್ಟಿದ್ದರು. ಆಮೇಲೆ ಭಟ್ಟಿ ನಿಂತು ಅದು ಸಾರಾಯಿ ಡಿಪೋ ಆಯಿತು. ತೊಂಬತ್ತೇಳರಲ್ಲಿ ನಾನು ಅಮಾಸೆಬೈಲಿನಿಂದ ಮದುವೆಯಾಗಿ ಬಂದಾಗ ಅತ್ತೆ ಅಲ್ಲಿ ಪ್ಯಾಕೆಟ್ ತುಂಬುವ ಕೆಲಸಕ್ಕೆ ಹೋಗುತ್ತಿದ್ದರು.

ಅತ್ತೆಯ ಬಲಗೈ ಮೊಣಕೈವರೆಗೆ ಸುಟ್ಟ ಚರ್ಮ. ಅವರ ಪ್ರಾಯಕಾಲದಲ್ಲಿ ಯಾರೋ ಬೀಡಿ ಹಚ್ಚಿ ಡಿಪೋದೊಳಗೆ ಬೆಂಕಿ ಹತ್ತಿತ್ತು. ಜತೆಗಾತಿಯೊಬ್ಬಳು ಅವರ ಕಣ್ಣೆದುರೇ ಸತ್ತಿದ್ದಳು. ಅಂದಿನಿಂದ ಬೀಡಿ, ಬೆಂಕಿಪೆಟ್ಟಿಗೆ ಬಾಗಿಲ ಹೊರಗಿನ ಕಲ್ಲಿನ ಮೇಲಿಟ್ಟೇ ಒಳಗೆ ಹೋಗುವುದು. ಮುಂದೆ ಸಾರಾಯಿ ನಿಷೇಧವಾಗಿ ಡಿಪೋ ಮುಚ್ಚಿತು. ನಾವು ಕಟ್ಟಡ ಬಾಡಿಗೆಗೆ ಹಿಡಿದು, ಅದೇ ತೊಟ್ಟಿಯಲ್ಲಿ ಮೀನು ಉಪ್ಪು ಹಾಕಲು ಶುರುಮಾಡಿದೆವು. ಸಾರಾಯಿಯ ವಾಸನೆ ಕೂಡ ಉಳಿದಿರಲಿಲ್ಲ, ಅತ್ತೆಯ ಕಾನೂನು ಮಾತ್ರ ಹಾಗೇ ಇತ್ತು. ಊದುಬತ್ತಿಯನ್ನೂ ಹೊರಗೇ ಹಚ್ಚಬೇಕು! ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳುವುದಾ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಮೀನುಪೇಟೆಯಲ್ಲಿ ಗಿರಾಕಿಗಳ ಬಾಯಿ ಮುಚ್ಚಿಸುವವಳು ನಾನು. ಆದರೆ ಅತ್ತೆ ಕಣ್ಣು ಬಿಟ್ಟರೆ ಗಂಟಲಲ್ಲಿ ಸ್ವರವೇ ಏಳುತ್ತಿರಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅಷ್ಟೇ.

ಆ ವರ್ಷ ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯದೆ ಎರಡು ತಿಂಗಳು ತೊಟ್ಟಿ ಮುಚ್ಚಿಯೇ ಇತ್ತು. ಅಡಿಯಲ್ಲಿ ಹಳೇ ಉಪ್ಪುನೀರು, ಮೀನಿನ ಚೂರು. ಹೊಸ ಮೀನು ಬರುವ ಮೊದಲು ತೊಳೆಯಬೇಕೆಂದು ಒಂದು ಬೆಳಿಗ್ಗೆ ನನ್ನ ಗಂಡ ಹಲಗೆ ಸರಿಸಿದರು. ಕೊಳೆತ ಮೊಟ್ಟೆಯ ನಾತ ಗಪ್ಪನೆ ಮುಖಕ್ಕೆ ಹೊಡೆಯಿತು. ತವರಿನ ಕಡೆ ಹಳೇ ಬಾವಿಗೆ ಇಳಿಯುವ ಮೊದಲು ಹಗ್ಗ ಕಟ್ಟಿ ಚಿಮಣಿ ದೀಪ ಇಳಿಸುತ್ತಾರೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ತುಂಬಿದೆ ಅಂತ, ಮನುಷ್ಯ ಇಳಿಯುವ ಹಾಗಿಲ್ಲ.

ಒಂದು ಚಿಮಣಿ ಹೊತ್ತಿಸಿ ತರಲಾ ಅಂತ ಕೇಳಿದೆ. ಅತ್ತೆ ತಿರುಗಿ ನನ್ನನ್ನೇ ನೋಡಿದರು.

"ಇದ್ರೊಳಗೆ ಬೆಂಕಿ ಹೊತ್ಸುಕಾಗ," ಅಂದರು.

ದೀಪ ಯಾಕೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸೊಂಟಕ್ಕೊಂದು ಹಗ್ಗವಾದರೂ ಕಟ್ಟಿಕೊಳ್ಳಿ ಅಂತ ಗಂಡನ ಹತ್ತಿರ ಗೋಗರೆದೆ. ಅವರು ನಗಾಡುತ್ತಲೇ ಕಟ್ಟಿಸಿಕೊಂಡು ಏಣಿ ಇಳಿದರು.

ನಾನು ಮೇಲಿನಿಂದ ಹ್ವಾಯ್ ಅಂತ ಕರೆಯುವುದು, ಅವರು ಓ ಅನ್ನುವುದು. ಎರಡು ಸಲ ಓ ಅಂದರು. ಮೂರನೆಯ ಸಲ ಉತ್ತರ ಬರಲಿಲ್ಲ. ಬಗ್ಗಿ ನೋಡಿದರೆ ಏಣಿಯ ಬುಡದಲ್ಲಿ ಮುದ್ದೆಯಾಗಿ ಬಿದ್ದಿದ್ದರು.

ಅತ್ತೆ ಮಗನನ್ನು ಕರೆಯುತ್ತ ಏಣಿಗೆ ಕಾಲಿಟ್ಟೇಬಿಟ್ಟರು. ಅವರೂ ಇಳಿದರೆ ಇಬ್ಬರೂ ಹೋದಂತೆಯೇ. ದೇವರಾಣೆ, ಎಲ್ಲಿಂದ ಧೈರ್ಯ ಬಂತೋ, ಅವರ ತುರುಬು ಹಿಡಿದು ಹಿಂದಕ್ಕೆಳೆದೆ. ಹಗ್ಗ ಹಿಡಿಯಿರಿ ಅಂತ ಕಿರುಚಿದೆ. ಇಬ್ಬರೂ ಎಳೆದೆವು, ಆಳು ಕದಲಲಿಲ್ಲ. ಬೊಬ್ಬೆ ಕೇಳಿ ದೋಣಿಯವರು ಓಡಿಬಂದು ಕೈ ಹಾಕಿದರು. ಗಂಡನನ್ನು ಮೇಲೆ ತರುವಷ್ಟರಲ್ಲಿ ನನ್ನ ಜೀವ ಹೋಗಿ ಬಂದಿತ್ತು.

ಹೊರಗೆ ಗಾಳಿಗೆ ಮಲಗಿಸಿದಾಗ ತುಟಿ ನೀಲಿಗಟ್ಟಿತ್ತು. ಮೂಗಿನ ಹತ್ತಿರ ಕೆನ್ನೆ ಇಟ್ಟರೆ ಉಸಿರು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆಮೇಲೆ ಒಮ್ಮೆ ಕೆಮ್ಮಿದರು. ಆಸ್ಪತ್ರೆಗೆ ಹೊತ್ತೊಯ್ದೆವು. ಇನ್ನು ಜೀವಕ್ಕೆ ಅಪಾಯವಿಲ್ಲ ಅಂತ ಡಾಕ್ಟರು ಹೇಳುವಾಗ ಸಂಜೆಯಾಗಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ ಆ ಚಿಮಣಿ ಎಂತಕ್ಕೆ ಕೇಳಿದ್ದು ಅಂದರು. ಬಾವಿಯ ವಿಷಯ ಹೇಳಿದೆ.

"ಗೊತ್ತಿದ್ದೂ ಎಂತಕ್ಕೆ ಬಾಯ್ಬಿಡ್ಲಿಲ್ಲೆ, ಹೆಣೆ? ಅಂವ ನಿನ್ ಗಂಡ ಅಲ್ದಾ?"

ಗಡಿಬಿಡಿಯಲ್ಲಿ ಮರೆತೆ ಅಂತ ಸುಳ್ಳು ಹೇಳಬಹುದಿತ್ತು.

"ನಿಮ್ಗೆ ಹೆದ್ರಿ," ಅಂದೆ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡ ಸಾಯುವುದಕ್ಕಿಂತ ಅತ್ತೆ ಬೈಯುವುದಕ್ಕೆ ಹೆಚ್ಚು ಹೆದರಿದ ಹೆಂಗಸು ನಾನು. ಇದನ್ನು ಗಂಡನಿಗೆ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.