ಪೈಪಿನಲ್ಲಿ ಬೆಳೆದ ಪಾಲಕ್

ಮೋಟೆಬೆನ್ನೂರಿನ ಸ್ಟಾಪಿನಲ್ಲಿ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದೆ. ಬೆನ್ನಿನ ಎಲುಬೊಂದು ಬಿರುಕು ಬಿಟ್ಟಿತ್ತು. ಅದು ಕೂಡಿಕೊಳ್ಳುವವರೆಗೆ ಡ್ಯೂಟಿ ಇಲ್ಲ, ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಮನೆಯಲ್ಲಿ ಕೂರಿಸಿಬಿಟ್ಟರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದು ದಿನವಿಡೀ ನಿಂತೇ ತಿರುಗುತ್ತಿದ್ದ ಕಂಡಕ್ಟರ್ ನಾನು. ರಾಣೆಬೆನ್ನೂರಿನ ನಮ್ಮ ಬಾಡಿಗೆ ಮನೆ ಮೊದಲ ಮಹಡಿಯಲ್ಲಿದೆ. ಎರಡು ಕೋಣೆ, ಒಂದು ಬಾಲ್ಕನಿ. ಅಡುಗೆಮನೆಗೂ ಬಾಲ್ಕನಿಗೂ ಓಡಾಡುತ್ತ ದಿನ ದೂಡುತ್ತಿದ್ದೆ.

ಮೊಬೈಲಿನಲ್ಲಿ ಒಬ್ಬ ಮಣ್ಣಿಲ್ಲದೆ ಸೊಪ್ಪು ಬೆಳೆಯುವುದನ್ನು ನೋಡಿದ್ದು ಆಗಲೇ. ಪ್ಲಂಬರನನ್ನು ಕರೆಸಿ ದಪ್ಪ ಪೈಪುಗಳಿಗೆ ಸಾಲಾಗಿ ತೂತು ಕೊರೆಸಿದೆ. ತೂತಿಗೊಂದು ಜಾಲರಿ ಲೋಟ, ಅದರಲ್ಲಿ ತೆಂಗಿನ ನಾರಿನ ಪುಡಿ, ಪಾಲಕ್ ಬೀಜ. ಕೆಳಗಿನ ಬಕೆಟ್ಟಿನಿಂದ ಗೊಬ್ಬರ ಕರಗಿಸಿದ ನೀರನ್ನು ಸಣ್ಣ ಪಂಪು ಮೇಲೆತ್ತುತ್ತದೆ. ಅದು ಪೈಪಿನೊಳಗೆ ಹರಿದು ಮತ್ತೆ ಬಕೆಟ್ಟಿಗೆ ಬೀಳುತ್ತದೆ.

ಮೊಳಕೆಯೇನೋ ಬಂತು. ಆದರೆ ನನಗೆ ತಡೆಯಲಾಗದು. ಚಹಾ ಕುಡಿದು ಒಮ್ಮೆ, ಪೇಪರ್ ಓದಿ ಒಮ್ಮೆ ಲೋಟ ಎತ್ತಿ ಬೇರು ನೋಡುತ್ತಿದ್ದೆ.

"ಹಂಗ ಎತ್ತಿ ಎತ್ತಿ ನೋಡಿದ್ರ ಅದು ಹೆಂಗ ಬೆಳೀಬೇಕ್ರಿ?" ಎಂದು ಹೆಂಡತಿ ಹೊಲಿಗೆ ಮಷಿನ್ ಮುಂದಿನಿಂದಲೇ ಬೈದಳು.

ಅವಳು ಬ್ಲೌಸ್ ಹೊಲಿಯುವವಳು. ಬಾಲ್ಕನಿಯಲ್ಲಿ ಬಿಸಿಲು ಬೀಳುವ ಜಾಗ ಒಂದೇ ಒಂದು, ಅಲ್ಲಿ ಅವಳ ಮಷಿನ್. ಸಸಿಗಳು ಬೆಳಕಿಗಾಗಿ ಉದ್ದುದ್ದ ಎಳೆದುಕೊಂಡು ಬಾಗತೊಡಗಿದಾಗ ಮಷಿನ್ ಒಳಗಿಡೋಣವೇ ಎಂದು ಕೇಳಿದೆ.

"ಒಳಗ ಸೂಜಿಗೆ ದಾರ ಪೋಣಸಾಕ ಕಾಣಂಗಿಲ್ಲ. ನಿಮ್ಮ ಪೈಪ ಬೇಕಾರ ಮ್ಯಾಲ ಕಟ್ರಿ."

ಕಟ್ಟುವುದಕ್ಕೆ ನನಗೆ ಕೈ ಎತ್ತುವಂತಿರಲಿಲ್ಲ. ಕೆಳಗಿರುವ ಮನೆ ಮಾಲೀಕರ ಹೆಂಡತಿ ಸ್ಟೂಲ್ ಹಿಡಿದರು, ನನ್ನವಳು ಹತ್ತಿ ಮಷಿನ್ ಮೇಲಿನ ಗ್ರಿಲ್ಲಿಗೆ ತಂತಿಯಿಂದ ಪೈಪು ಬಿಗಿದಳು. ನಾನು ಕುರ್ಚಿಯಲ್ಲಿ ಕೂತು "ಸ್ವಲ್ಪ ಬಲಕ್ಕ, ಸ್ವಲ್ಪ ಎಡಕ್ಕ" ಎನ್ನುತ್ತಿದ್ದೆ. "ಇನ್ನ ಸುಮ್ನ ಇರ್ರಿ" ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಪಾಲಕ್ ಚೇತರಿಸಿಕೊಂಡಿತು. ಎಲೆಗಳು ಅಗಲವಾದವು. ಆದರೆ ಒಂದು ಮಧ್ಯಾಹ್ನ, ಅವಳು ಊಟಕ್ಕೆ ಎದ್ದಾಗ, ಪೈಪಿನ ಜೋಡಣೆ ಸಡಿಲವಾಗಿ ನೀರು ಸೋರಿತು. ಆ ನೀರಿಗೆ ಗೊಬ್ಬರದಲ್ಲಿನ ಕಬ್ಬಿಣದ ಅಂಶದಿಂದ ಕೆಂಚು ಬಣ್ಣ. ಮಷಿನ್ ಮೇಲೆ ಬ್ಯಾಡಗಿಯ ಒಬ್ಬ ಗಿರಾಕಿಯ ರೇಷ್ಮೆ ಬ್ಲೌಸಿತ್ತು. ತೋಳಿನ ಅಂಚಿಗೆ ಅಂಗೈಯಗಲ ಕಲೆಯಾಯಿತು. ಅವಳು ತೊಳೆದಳು, ನಿಂಬೆ ಹಚ್ಚಿದಳು, ಮತ್ತೆ ತೊಳೆದಳು. ಕಲೆ ಹೋಗಲಿಲ್ಲ. ಬ್ಲೌಸನ್ನು ಒಣಹಾಕಿ ಬೇರೆ ಬಟ್ಟೆ ಹೊಲಿಯಲು ಕೂತಳು. ಅದೇ ನನ್ನನ್ನು ಕೂರಲು ಬಿಡಲಿಲ್ಲ.

ಮರುದಿನ ಅವಳು ದಾರ ತರಲು ಪೇಟೆಗೆ ಹೋದಾಗ ಬ್ಲೌಸನ್ನು ಚೀಲದಲ್ಲಿ ಹಾಕಿಕೊಂಡು, ಬೆನ್ನಿಗೆ ಪಟ್ಟಿ ಬಿಗಿದು ಬ್ಯಾಡಗಿ ಬಸ್ಸು ಹತ್ತಿದೆ. ಸೀಟಿನಲ್ಲಿ ಕೂತು ಹೋಗುವುದು ಹೊಸದು. ಪ್ರತಿ ಸ್ಟಾಪಿನಲ್ಲೂ ನನ್ನ ಕೈ ಸೀಟಿ ಊದಲು ತಾನಾಗಿ ಏಳುತ್ತಿತ್ತು. ರಸ್ತೆಯ ತಗ್ಗುಗಳಲ್ಲಿ ಬೆನ್ನು ಚುಳುಕ್ಕೆನ್ನುತ್ತಿತ್ತು.

ಗಿರಾಕಿಯ ಮನೆಯ ಅಂಗಳದಲ್ಲಿ ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆಯಿತು. ಸೀನುತ್ತಲೇ ನಡೆದದ್ದನ್ನು ಹೇಳಿದೆ. ಆಕೆ ತೋಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮವ್ವನ ಸೀರಿ ಕತ್ತರಿಸಿ ತಗದ ಅರಿವಿ ಇದು. ಮತ್ತ ಸಿಗಂಗಿಲ್ಲ."

ನಾನು ಬೆನ್ನಿನ ಪಟ್ಟಿ ಸರಿಮಾಡಿಕೊಂಡೆ. ಆಕೆ ಅದನ್ನು ನೋಡಿ ಕೇಳಿದರು, "ಇಂಥಾ ಬೆನ್ನ ಇಟಗೊಂಡು ಬಂದೀರಲ್ಲ, ಫೋನ್ ಮಾಡಿದ್ರ ಆಗತಿದ್ದಿಲ್ಲೇನ್ರಿ?"

"ಮನ್ಯಾಗ ಕುಂದ್ರಾಕ ಆಗಲಿಲ್ಲರಿ."

ಆಕೆ ಬ್ಲೌಸ್ ಮಡಚಿ ನನ್ನ ಕೈಗಿಟ್ಟರು. "ತೋಳ ಗಿಡ್ಡ ಮಾಡಾಕ ಹೇಳ್ರಿ ನಿಮ್ಮ ಮನಿಯವರಿಗೆ. ಕಲೆ ಅದರಾಗ ಹೋಗತೈತಿ. ಉಳದ ತುಕಡಿ ಒಗೀಬ್ಯಾಡ್ರಿ, ನನಗ ಬೇಕು."

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಫೋನನ್ನು ನಾನು ಬಕೆಟ್ಟಿನ ಪಕ್ಕ ಮರೆತು ಹೋಗಿದ್ದೆ. "ಖರೇ ಹೇಳ್ರಿ, ಮತ್ತ ಬಿದ್ದಿದ್ರ ಏನ್ ಮಾಡತಿದ್ರಿ?" ಎಂದಳು. ಚೀಲ ಕೊಟ್ಟು ಗಿರಾಕಿ ಹೇಳಿದ್ದನ್ನು ತಿಳಿಸಿದೆ. ಅವಳು ತೋಳನ್ನು ಅಳೆದು ನೋಡಿ, "ಹೂಂ, ಬರತೈತಿ" ಎಂದು ಅಲ್ಲೇ ಕತ್ತರಿ ಹಿಡಿದಳು.

ಬ್ಲೌಸೂ ತುಕಡಿಯೂ ಗಿರಾಕಿಯ ಕೈ ಸೇರಿದ ವಾರವೇ ಮಾಲೀಕರನ್ನು ಕೇಳಿ ಪೈಪುಗಳನ್ನು ತಾರಸಿಗೆ ಸಾಗಿಸಿದೆವು. ಡ್ಯೂಟಿಗೆ ಹೋಗಲು ನನಗಿನ್ನೂ ಒಪ್ಪಿಗೆ ಸಿಕ್ಕಿಲ್ಲ. ಗೋಡೆ ಹಿಡಿದು ಹತ್ತುತ್ತೇನೆ, ಇಳಿಯುತ್ತೇನೆ, ಇಳಿದ ಮೇಲೆ ಮತ್ತೆ ಹತ್ತಬೇಕೆನಿಸುತ್ತದೆ. ಮೊನ್ನೆ ಮೊದಲ ಸಲ ಪಾಲಕ್ ಕೊಯ್ದೆವು. ಎಲ್ಲವನ್ನೂ ಒಟ್ಟಿಗೇ ಕೊಯ್ಯಲು ಹೊರಟಿದ್ದ ನನ್ನ ಕೈ ಹಿಡಿದು ಹೆಂಡತಿ, "ಸುತ್ತಿನ ಎಲಿ ಅಷ್ಟ ತಗೀರಿ, ನಡುವಿನವು ಇರಲಿ" ಎಂದಳು. ಒಂದು ಹೊತ್ತಿನ ಪಲ್ಯಕ್ಕೆ ಸಾಕಾಯಿತು.