ನನ್ನ ತಮ್ಮ ಕ್ಲಿಫರ್ಡ್ ಮರೆತುಬಂದ ಮಾತು

ನನ್ನ ತಮ್ಮ ಕ್ಲಿಫರ್ಡ್‌ನನ್ನು ನೀವು ಟೀವಿಯಲ್ಲಿ ನೋಡಿಯೇ ಇರುತ್ತೀರಿ. ಹೆಸರು ಮಾತ್ರ ಗೊತ್ತಿರುವುದಿಲ್ಲ. ಬಂದರಿನ ಕೂಲಿ, ಮುಂಗೋಪಿ ಪೊಲೀಸು, ಹೆಂಡತಿಗೆ ಹೆದರುವ ಕಟುಕ, ಜೀವನವಿಡೀ ಇಂಥವೇ ಪಾತ್ರ. ಆದರೆ ಅವನ ಮೊದಲ ದೊಡ್ಡ ಪಾತ್ರ ಕೈತಪ್ಪುವುದರಲ್ಲಿತ್ತು.

ನಮ್ಮೂರು ಗ್ರಿಮ್ಸ್‌ಬಿಯ ಮೀನುಬಂದರಿನಲ್ಲಿ ನಾನು ಮೀನು ಸೀಳುತ್ತಿದ್ದಾಗ ಅವನು ಲಂಡನ್ನಿನ ನಾಟಕಶಾಲೆ ಸೇರಿದ. ಅಲ್ಲಿಯವರು ಅವನ ನಾಲಿಗೆಯಿಂದ ನಮ್ಮೂರನ್ನು ಉಜ್ಜಿ ತೊಳೆದುಬಿಟ್ಟರು. ಆಮೇಲೆ ಗಾಳಿ ತಿರುಗಿತು. ಟೀವಿಯವರಿಗೆ ಬಡವರ ಕಥೆ ಬೇಕಾಯಿತು. ನಮ್ಮ ಸತ್ತ ಅಪ್ಪನಂಥ ಮೀನುಗಾರನ ಪಾತ್ರಕ್ಕೆ ಇವನನ್ನು ಕರೆದ ನಿರ್ದೇಶಕ, "ನಿಮ್ಮದು ದೊರೆಗಳ ಮಾತಾಯ್ತಲ್ರೀ. ಊರ ಮಾತು ತನ್ನಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ" ಅಂದನಂತೆ.

ಮಾತು ಹುಡುಕಿಕೊಂಡು ಕ್ಲಿಫರ್ಡ್ ಮನೆಗೆ ಬಂದ. ಬಂದರೇನು? ಲಂಡನ್ನಿನ ಮಗನೆದುರು ಅವ್ವ ಡಾಕ್ಟರ ಹತ್ತಿರ ಆಡುವ ದನಿ ತೆಗೆದಳು. "ಕುಳಿತುಕೊಳ್ಳಪ್ಪ. ಚಹಾ ಸ್ವೀಕರಿಸುತ್ತೀಯಾ?" ಪಕ್ಕದ ಮನೆಯ ಮೇವಿಸ್ ಕೂಡ ತುಟಿ ಚೂಪು ಮಾಡಿ ಲಂಡನ್ನಿನ ಹವಾಮಾನ ವಿಚಾರಿಸಿದಳು. ಪಾಪ, ಅವನ ಮುಖ ಸಣ್ಣಗಾಯಿತು. ಅವನು ಕೇಳಲು ಬಂದದ್ದನ್ನೇ ಬೀದಿಗೆ ಬೀದಿಯೇ ಬಚ್ಚಿಟ್ಟಿತ್ತು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ, "ಅಕ್ಕ, ತಂದೆಯವರು ಹೇಗೆ ಮಾತನಾಡುತ್ತಿದ್ದರು, ಸ್ವಲ್ಪ ಅಭಿನಯಿಸಿ ತೋರಿಸುತ್ತೀಯಾ?" ಎಂದ. ನನಗೆ ಪಿತ್ತ ನೆತ್ತಿಗೇರಿತು.

"ಅಪ್ಪನ್ ಮಾತ್ ಕೇಳಕ್ ಈಗ್ ಬಂದ್ಯೇನ್ಲಾ? ಅವ್ನ್ ಸತ್ತಾಗ ಎಲ್ ಹಾಳಾಗ್ ಹೋಗಿದ್ದೆ?"

"ಹೊಟ್ಟೇಗ್ ಗತಿ ಇರ್ನಿಲ್ಲ ಕಣೇ ನಂಗೆ!" ಅವನು ಮೇಜು ಗುದ್ದಿದ. "ಯಾವ್ ಮುಖ ಇಟ್ಕೊಂಡ್ ಬರ್ಲಿ? ನಿಂಗೊಬ್ಳಿಗೇನಾ ಅವ್ನು ಅಪ್ಪ?"

ಅದು ಅಪ್ಪನದೇ ದನಿ. ನನ್ನ ಕೋಪ ಅಲ್ಲಿಗೇ ಕರಗಿತು. ಬಾಗಿಲಲ್ಲಿದ್ದ ಅವ್ವ ಮಾತ್ರ, "ಇದೆಂಥ ಅಸಭ್ಯ ಮಾತಪ್ಪಾ!" ಎಂದು ಒಳಗೆ ಹೋದಳು.

ಪಾತ್ರ ಅವನಿಗೇ ಸಿಕ್ಕಿತು. ಅದು ಟೀವಿಯಲ್ಲಿ ಬಂದ ಸಂಜೆ ಅವ್ವ ಚರ್ಚಿಗೆ ಹೋಗುವ ಉಡುಪು ತೊಟ್ಟು ಕುಳಿತಳು. ಮುಗಿದ ಮೇಲೆ, "ಅಷ್ಟೆಲ್ಲಾ ಕಲ್ತು ಕೊನೇಗ್ ನಮ್ಮಂಗೇ ಮಾತಾಡ್‌ಬುಟ್ನಲ್ಲೇ" ಎಂದು ಕಣ್ಣೊರೆಸಿಕೊಂಡಳು. ಬೇಸರವೋ ಸಂತೋಷವೋ, ನನಗೆ ತಿಳಿಯಲಿಲ್ಲ.

ಮರುದಿನ ಬೀದಿ ಮೂಲೆಯ ಅಂಗಡಿಗೆ ಅವನ ಫೋನು ಬಂತು. ಅವ್ವ ಫೋನು ಹಿಡಿದು ಗಂಟಲು ಸರಿಮಾಡಿಕೊಂಡಳು. ಮತ್ತೆ ಆ ಡಾಕ್ಟರ ದನಿಯೇ ಬರುತ್ತದೆಂದು ನಾನು ಕಾದೆ.

"ಏನ್ಲಾ ಮಗಾ," ಎಂದಳು ಅವ್ವ, "ಉಂಡ್ಯಾ?"