ಬೆಡಗು ನೋಡಿ ಕೊಟ್ಟ ಹೆಣ್ಣು

ನನ್ನನ್ನ ಸ್ವಾದರಮಾವಗ ಕೊಟ್ಟಾರ. ಹಿಂಗಾಗಿ ಅವ್ವನ ಅವ್ವ, ನಮ್ಮ ಆಯಿ, ನನಗ ಅತ್ತಿನೂ ಆದ್ಲು. ಹನುಮಸಾಗರದಾಗ ಇದು ಮಾತಾಡೂವಂಥ ಸುದ್ದಿನ ಅಲ್ಲ, ಅಷ್ಟು ರೂಢಿ. ನನ್ನ ತಂಗಿನ್ನೂ ಸಣ್ಣ ಮಾಮಾಗ ತರೂದು ಅಂತ ಆಯಿ ಮಾತು ಕೊಟ್ಟಿದ್ಲು. ಅಕ್ಕ-ತಂಗಿ ಒಂದ ಮನ್ಯಾಗ ಇರ್ತೀವಿ ಅಂತ ನಾನು ಭಾಳ ಹಿಗ್ಗಿದ್ದೆ.

ನನ್ನ ಮಗಳಿಗೆ ವರ್ಷ ತುಂಬೂದ್ರಾಗ ಕೊಳ್ಳಾಗ ಗಡ್ಡಿ, ಬಗಲಾಗ ಕೀವು, ಎದಿಯಾಗ ಕಫ. ಒಂದು ಮಾಯೂದ್ರಾಗ ಇನ್ನೊಂದು. ದೃಷ್ಟಿ ತೆಗದು ತೆಗದು ಬ್ಯಾಸತ್ತೆ. ಕಡೀಕ, ಆಕಿಗೆ ಮೂರು ವರ್ಷಾದಾಗ, ಕೊಪ್ಪಳದ ಡಾಕ್ಟರಮ್ಮ ಕೇಳಿದ್ರು, "ಗಂಡ-ಹೆಂಡತಿ ರಕ್ತಸಂಬಂಧದವರೇನ್ರಿ?"

ನಾನು ಬಾಯಿ ತೆಗಿಯೂದ್ರಾಗ ಆಯಿ ಹೇಳಿಬಿಟ್ಲು, "ಏ, ಇಲ್ಲ ಬಿಡ್ರಿ. ಬೆಡಗು ಬ್ಯಾರೆ ಬ್ಯಾರೆ ನೋಡೇ ಮಾಡೇವಿ."

ಸುಳ್ಳೇನಲ್ಲ. ಒಂದ ಬೆಡಗಿನವರು ಮುಖ ನೋಡದವರಾದ್ರೂ ನಮ್ಮಲ್ಲಿ ಅಣ್ಣ-ತಂಗಿ, ಒಂದ ರಕ್ತ. ಬೆಡಗು ಅಂದ್ರ ಗೋತ್ರ ಇದ್ದಂಗ, ಅಪ್ಪನ ಕಡಿಯಿಂದ ಬರೂದು, ಅದಕ್ಕ ಮಾಮಾಂದು ಬ್ಯಾರೆ, ನಂದು ಬ್ಯಾರೆ. ನಾನೂ ಗೋಣು ಹಾಕಿದೆ.

ಮಗಳ ರಕ್ತ, ನಮ್ಮಿಬ್ಬರ ರಕ್ತ ಪರೀಕ್ಷಾಕ ದೂರ ಹೋತು. ವರದಿ ಬಂದ ದಿನ ಡಾಕ್ಟರಮ್ಮ ಬಿಡಿಸಿ ಹೇಳಿದ್ರು. ಮಗಳ ರಕ್ತದಾಗಿನ ಬಿಳಿ ಕಣ ಕ್ರಿಮಿ ನುಂಗತಾವ, ಕೊಲ್ಲೂದು ಬರಂಗಿಲ್ಲ. ಆ ಕೆಲಸದ ಜೀನು ಎಲ್ಲರಿಗೂ ಎರಡು, ಅಪ್ಪಂದೊಂದು, ಅವ್ವಂದೊಂದು. ಒಂದು ಕೆಟ್ಟರ ಇನ್ನೊಂದು ನಿಭಾಯಿಸ್ತೈತಿ. ಈಕಿಗೆ ಎರಡೂ ಕೆಟ್ಟಾವ, ಅದೂ ಒಂದ ಜಾಗದಾಗ, ಒಂದ ನಮೂನಿ. ದಿನಾ ಔಷಧ ತಪ್ಪಬಾರದು, ಹೊಟ್ಟು, ತಿಪ್ಪಿ ಹತ್ತರ ಕೂಸಿನ್ನ ಬಿಡಬಾರದು, ಅದರಾಗಿನ ಬೂಷ್ಟು ಎದಿಗೆ ಇಳೀತೈತಿ ಅಂದ್ರು. "ಆದ್ರ ಸಂಬಂಧ ಇಲ್ಲದವರಿಗೆ ಒಂದ ತಪ್ಪು ಹೆಂಗ ಬಂತ್ರಿ?"

ನನಗೇನು ಗೊತ್ತು? ಗಂಡನ ಕಡೆ ತಿರುಗಿ, "ಮಾಮಾ, ನೀನ ಕೇಳು," ಅಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ರು. "ಮಾಮಾ ಅಂದ್ರ?"

ನಮ್ಮವ್ವನ ತಮ್ಮ ಅಂದೆ. ಅವರು ಮತ್ತ ಬಿಡಿಸಿ ಹೇಳಿದಾಗ ಆಯಿಗೆ ತಿಳೀತು. ಆಕಿದೋ, ಆಕಿ ಗಂಡ, ತೀರಿಹೋದ ಮುತ್ಯಾಂದೋ, ಯಾರದೋ ಒಂದು ತಪ್ಪು ಮಗಳಿಂದ ನನಗೂ, ಇತ್ತ ಮಗಗೂ ಬಂದು, ನನ್ನ ಕೂಸಿನ ಮೈಯಾಗ ಮತ್ತ ಕೂಡಿತ್ತು.

ಮುಂದಿನ ವಾರ ಆಯಿ ನಮ್ಮನ್ನ ಕರಕೊಂಡು ಯಲಬುರ್ಗಾಕ, ನನ್ನ ತವರಿಗೆ ಬಂದ್ಲು. ಕಟ್ಟಿ ಮ್ಯಾಲ ಕುಂತು ಅವ್ವಗ ಹೇಳಿದ್ಲು, "ದೊಡ್ಡಾಕಿನ್ನ ಕೇಳಿ ಒಯ್ದೆ. ಸಣ್ಣಾಕಿನ್ನ ಕೇಳಂಗಿಲ್ಲ. ಬ್ಯಾರೆ ಕಡೆ ನೋಡ್ರಿ."

ಅವ್ವ ಸಿಟ್ಟಾದ್ಲು. "ಪರೀಕ್ಷಾ ಮಾಡಸೋಣು. ಅವರಿಬ್ಬರಿಗೂ ಇರಾಕಬೇಕಂತೇನೈತಿ?"

"ಇದ್ರ? ಇನ್ನೊಂದು ಕೂಸಿನ ಬಗಲಾಗ ಕೀವು ನೋಡಾಕ ನನ್ನ ಕೈಲಿ ಆಗಂಗಿಲ್ಲವ್ವ."

ಒಳಗ ತಂಗಿ ಒಲಿ ಮುಂದ ಕುಂತು ಅಳಾಕತ್ತಿದ್ಲು. ನನ್ನ ಕಂಡು ಕೇಳಿದ್ಲು, "ಅಕ್ಕಾ, ಮೊದಲ ಗೊತ್ತಿದ್ರ ನೀನೂ ಮಾಮಾ ಬ್ಯಾಡ ಅಂತಿದ್ದೇನು?"

ಹೂಂ ಅನ್ನಬೇಕಿತ್ತು. ಅಂದಿದ್ರ ಆಕಿ ಅಳು ನಿಲ್ಲತಿತ್ತು. ಅಷ್ಟರಾಗ ಹಿತ್ತಲದಿಂದ ಮಗಳು, "ಅವ್ವಾ, ಇಲ್ಲಿ ಬಾ," ಅಂತ ಕರದ್ಲು. ಮಾಮಾನ್ನ ಬ್ಯಾಡ ಅಂದಿದ್ರ ಈ ದನೀನ ಇರತಿದ್ದಿಲ್ಲ. ಹಣಿಕಿ ನೋಡಿದ್ರ ಹೊಟ್ಟಿನ ಬಣವಿ ಕಡೆ ಹೊಂಟಾಳ. ಓಡಿ ಹೋಗಿ ಆಕಿನ್ನ ಎತ್ತಿಕೊಂಡೆ.